ಕಸ ಹೆಕ್ಕುವ ರೋಬೋ ಬದಿಗಿರಲಿ, ಮಳೆ ಅಳೆಯಲಿ

ರೋಬೋಟಿಕ್ಸ್ ಮೂಲಕ ಹೈಸ್ಕೂಲ್ ಮಕ್ಕಳಿಗೆ ಪರಿಸರ ಪಾಠ ಮಾಡಬೇಕು ಎಂಬ ಲೇಖನವೊಂದರ ಮಾತು ಒಪ್ಪುವಂಥದ್ದೇ. ಆದರೆ ಅದರಲ್ಲಿ ಹೊಗಳಿರುವ, ಮೇಜಿನ ಮೇಲೆ ಓಡಾಡಿ ಪ್ಲಾಸ್ಟಿಕ್ ಬಾಟಲಿ ಹೆಕ್ಕುವ ರೋಬೋ ವಿಜ್ಞಾನ ಮೇಳದ ಬಹುಮಾನಕ್ಕೆ ಸರಿ, ಅಷ್ಟೇ.

2018ರ ಆಗಸ್ಟ್‌ನ ಮಹಾಮಳೆ, ಭೂಕುಸಿತ ಕಂಡ ನಮ್ಮ ಕೊಡಗಿನಲ್ಲಿ ಮಕ್ಕಳು ಮೊದಲು ಮಾಡಬೇಕಾದದ್ದು ಮಳೆಮಾಪಕ. ಆಲಿಕೆಯ ಕೆಳಗೆ ಏತದಂತೆ ತೂಗುವ ಎರಡು ಪುಟ್ಟ ತೊಟ್ಟಿ, ಒಂದು ಅಯಸ್ಕಾಂತ, ಅದು ಹತ್ತಿರ ಬಂದಾಗ ಕೂಡಿಕೊಳ್ಳುವ ಒಂದು ರೀಡ್ ಸ್ವಿಚ್, ಮಗುಚಿದ್ದನ್ನು ಎಣಿಸಲು ಆರ್ಡುಯಿನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್. ಆಲಿಕೆಯ ಬಾಯಿ 16 ಸೆಂ.ಮೀ. ಅಗಲವಿದ್ದರೆ ಸುಮಾರು 4 ಮಿ.ಲೀ. ನೀರಿಗೊಮ್ಮೆ ತೊಟ್ಟಿ ಮಗುಚಬೇಕು. ಆಗ ಒಂದು ಎಣಿಕೆ ಅಂದರೆ 0.2 ಮಿ.ಮೀ. ಮಳೆ. ಸಿರಿಂಜಿನಲ್ಲಿ ನೀರು ಬಿಟ್ಟು ಇದನ್ನು ಹೊಂದಿಸುವಷ್ಟರಲ್ಲಿ ಗಣಿತ ಮೇಷ್ಟ್ರ ಅರ್ಧ ಪಾಠ ಮುಗಿದಿರುತ್ತದೆ! ಜುಲೈನ ಜಡಿಮಳೆಯಲ್ಲಿ ತೊಟ್ಟಿ ಮಗುಚುವ ಹೊತ್ತಿಗೆ ಸುರಿದ ನೀರು ಲೆಕ್ಕಕ್ಕೆ ಸಿಗದೆ ಯಂತ್ರ ಕಡಿಮೆ ತೋರಿಸುತ್ತದೆ. ಪಕ್ಕದ ಕಾಫಿ ತೋಟದವರು ಇಂಚಿನಲ್ಲಿ ಬರೆದಿಡುವ ಮಳೆ ಲೆಕ್ಕದ ಜೊತೆ ತಾಳೆ ಹಾಕಲಿ, ಸೆನ್ಸರ್ ಹೇಳಿದ್ದೆಲ್ಲ ವೇದವಾಕ್ಯವಲ್ಲ ಅಂತ ಗೊತ್ತಾಗುತ್ತದೆ.

ಇನ್ನೊಂದು ಮಾತು. ಬಳಸಿ ಬಿಸಾಡುವ 9 ವೋಲ್ಟ್ ಬ್ಯಾಟರಿಗಳನ್ನು ಗುಡ್ಡೆ ಹಾಕಿಕೊಂಡು ಪರಿಸರ ಪಾಠ ಬೇಡ. ಮಳೆಗಾಲದಲ್ಲಿ ಇಲ್ಲಿ ಸೋಲಾರ್ ನಂಬುವಂತಿಲ್ಲ, ಚಾರ್ಜ್ ಮಾಡುವ ಸೆಲ್ ಕೊಡಿಸಿ ಸಾಕು.