ಅಡಚಣೆಗಾಗಿ ಕ್ಷಮಿಸಿ

ಮೈಸೂರಿನಲ್ಲಿ ಆಂಟೆನಾ ಹೋಟೆಲು ತೆರೆದ ಸುದ್ದಿ ಈ ವೇಳೆಗೆ ಎಲ್ಲರ ಮೊಬೈಲನ್ನೂ ತಲುಪಿರುವುದರಿಂದ ಅದನ್ನು ಮತ್ತೆ ವಿವರಿಸುವ ಅಗತ್ಯವಿಲ್ಲ. ಮೂಲೆಯಲ್ಲಿ ಮರದ ಬಾಗಿಲಿನ ಹಳೆಯ ಟಿವಿ, ಅದರ ತಲೆಯ ಮೇಲೆ ಕೈಹೆಣಿಗೆಯ ಬಟ್ಟೆ, ಛಾವಣಿಯಿಂದ ಇಳಿಬಿಟ್ಟ ಅಲ್ಯೂಮಿನಿಯಂ ಆಂಟೆನಾ ಮತ್ತು ಇವೆಲ್ಲದರ ದರ್ಶನವೂ ಸೇರಿ 180 ರೂಪಾಯಿಯ ಫಿಲ್ಟರ್ ಕಾಫಿ. ಮಳೆಯಲ್ಲಿ ನೆನೆದ ಹೆಂಚಿನ ಮೇಲೆ ಹತ್ತಿ, ಆಂಟೆನಾದ ಕೊಳವೆ ತಿರುಗಿಸುತ್ತಾ, "ಬಂತಾ? ಈಗ ಬಂತಾ?" ಎಂದು ಕೂಗಿ, ಕೆಳಗಿನಿಂದ "ಇತ್ತು, ಹೋಯ್ತು" ಎಂಬ ಉತ್ತರ ಪಡೆದು, ಇಳಿದ ಮೇಲೆ ಹೆಂಚು ಒಡೆದದ್ದಕ್ಕೆ ಅಪ್ಪನಿಂದ ಏಟು ತಿಂದ ತಲೆಮಾರು ಇಂದು ಅದೇ ಕೊಳವೆಯ ಕೆಳಗೆ ಸೆಲ್ಫಿಗಾಗಿ ಸಾಲುಗಟ್ಟಿ ನಿಂತಿರುವುದು ನಿಜಕ್ಕೂ ಶ್ಲಾಘನೀಯ. ಏಟನ್ನೂ ಮಾರಬಹುದೆಂದು ನಮ್ಮ ಅಪ್ಪಂದಿರಿಗೆ ಹೊಳೆದೇ ಇರಲಿಲ್ಲ.

ಈ ಹೋಟೆಲಿನ ಸ್ಫೂರ್ತಿ ಯಾವುದೆಂದರೆ, ಪ್ರತಿ ಭಾನುವಾರ ಬೆಳಿಗ್ಗೆ ಬಡಾವಣೆಯ ವಾಟ್ಸ್ಆ್ಯಪ್ ಗುಂಪಿಗೆ ತಪ್ಪದೆ ಬರುವ ಆ ಸಂದೇಶ. ದೂರದರ್ಶನದ ಒಂದೇ ಚಾನೆಲ್ಲಿತ್ತು, ಆದರೂ ಸುಖವಾಗಿದ್ದೆವು; ರಾಮಾಯಣ ಬರುವಾಗ ಬೀದಿಗಳು ನಿರ್ಜನವಾಗಿದ್ದವು; ಆಗ ನಮ್ಮದು ಅಪ್ಪಟ ಕನ್ನಡ ಸಂಸ್ಕೃತಿ. ಕೊನೆಯ ವಾಕ್ಯವನ್ನು ಓದಿದಾಗಲೆಲ್ಲ ನನಗೆ ಆ ಬರಹಗಾರರ ಧೈರ್ಯದ ಬಗ್ಗೆ ಗೌರವ ಹೆಚ್ಚುತ್ತದೆ. 1987ರ ಜನವರಿಯಲ್ಲಿ ಶುರುವಾದ ರಾಮಾಯಣವಾಗಲಿ, 1988ರ ಗಾಂಧಿ ಜಯಂತಿಯಂದು ಶುರುವಾದ ಮಹಾಭಾರತವಾಗಲಿ ನಮಗೆ ಬಂದದ್ದು ದೆಹಲಿಯಿಂದ, ಹಿಂದಿಯಲ್ಲಿ. ಸಂಜೆಯ ಕೆಲವು ಗಂಟೆ ಕನ್ನಡ, ಅದರಲ್ಲಿ ರಸಗೊಬ್ಬರದ ಪ್ರಮಾಣ ಕುರಿತ ಸಂವಾದವೂ ಸೇರಿತ್ತು. ನಾವು ಅದನ್ನೂ ನೋಡಿದೆವು, ಏಕೆಂದರೆ ಬದಲಾಯಿಸಲು ಬೇರೆ ಚಾನೆಲ್ಲಿರಲಿಲ್ಲ. ಗತಿ ಇಲ್ಲದಿರುವಿಕೆಯನ್ನು ಸುಖವೆಂದು ನೆನೆಯಲು ಮೂವತ್ತೈದು ವರ್ಷಗಳ ದೂರ ಬೇಕಾಗುತ್ತದೆ.

'ಮಾಲ್ಗುಡಿ ಡೇಸ್' ಧಾರಾವಾಹಿಯ ವಿಷಯವನ್ನಂತೂ ಇಲ್ಲಿ ಬಿಡುವ ಹಾಗಿಲ್ಲ, ಏಕೆಂದರೆ ಮೈಸೂರಿನವರ ಬಾಲ್ಯಸ್ಮರಣೆ ಅದರ ಶೀರ್ಷಿಕೆ ಸಂಗೀತವಿಲ್ಲದೆ ಆರಂಭವಾಗುವುದೇ ಇಲ್ಲ. ಆರ್.ಕೆ. ನಾರಾಯಣ್ ಮೈಸೂರಿನಲ್ಲಿ ಕುಳಿತು ಇಂಗ್ಲಿಷಿನಲ್ಲಿ ಬರೆದ ಕಥೆಗಳನ್ನು ಶಂಕರ್‌ನಾಗ್ ಆಗುಂಬೆಗೆ ಹೊತ್ತೊಯ್ದು, ಕನ್ನಡದ ನಟರ ಬಾಯಿಂದ ಹಿಂದಿ ಆಡಿಸಿ, ದೆಹಲಿಯ ದಾರಿಯಾಗಿ ಮೈಸೂರಿಗೇ ಮರಳಿ ಕಳಿಸಿಕೊಟ್ಟರು. ನಾವು ಭಾಷೆ ಅರ್ಧ ಅರ್ಥವಾಗದಿದ್ದರೂ ಮುಖಗಳು ನಮ್ಮವೇ ಎಂಬ ಒಂದೇ ಕಾರಣಕ್ಕೆ ಪೂರ್ತಿ ಅರ್ಥವಾದವರಂತೆ ನೋಡಿದೆವು. ಧಾರಾವಾಹಿ ಅದ್ಭುತವಾಗಿತ್ತು, ಆ ಮಾತಿನಲ್ಲಿ ವ್ಯಂಗ್ಯವಿಲ್ಲ. ವ್ಯಂಗ್ಯವಿರುವುದು ಅದರ ನಂತರದ ಕಥೆಯಲ್ಲಿ. ಎಲ್. ವೈದ್ಯನಾಥನ್ ಅವರ ಆ ಸಂಗೀತ ಊರಿನ ಅರ್ಧದಷ್ಟು ಜನರ ಮೊಬೈಲಿನಲ್ಲಿ ರಿಂಗಣಿಸುತ್ತಿದ್ದ ಕಾಲದಲ್ಲೇ, 2011ರಲ್ಲಿ, ಯಾದವಗಿರಿಯಲ್ಲಿ ನಾರಾಯಣ್ ಬಾಳಿದ ಮನೆಯನ್ನು ಕೆಡವುವ ಕೆಲಸ ಶುರುವಾಗಿತ್ತು. ಪತ್ರಿಕೆಗಳು ಕೂಗಿದ ಮೇಲೆ ಕೆಲಸ ನಿಂತು, ಮನೆ ಪಾರಂಪರಿಕ ಕಟ್ಟಡವೆನಿಸಿ, 2016ರಲ್ಲಿ ವಸ್ತುಸಂಗ್ರಹಾಲಯವಾಯಿತು. ಮೈಸೂರಿನಿಂದ ಹೊರಡುವ ಒಂದು ರೈಲಿಗೆ ಮಾಲ್ಗುಡಿ ಎಂಬ ಹೆಸರನ್ನೂ ಇಟ್ಟೆವು. ಪ್ರೀತಿಯನ್ನು ಹೀಗೆ ನಾಮಫಲಕದಲ್ಲಿ ತೀರಿಸುವ ಪದ್ಧತಿ ಅಗ್ಗವೂ ಹೌದು, ಅನುಕೂಲವೂ ಹೌದು. ಬಾಲ್ಯಸ್ಮರಣೆಯ ಗುಂಪಿನ ಸದಸ್ಯರಲ್ಲಿ ಎಷ್ಟು ಮಂದಿ ಆ ಮನೆಯ ಒಳಗೆ ಕಾಲಿಟ್ಟಿದ್ದಾರೆಂದು ಕೇಳಿದ್ದಕ್ಕೆ, ಪಾರ್ಕಿಂಗ್ ಸರಿಯಿಲ್ಲವೆಂಬ ಉತ್ತರ ಬಂತು.

ನನಗೆ ತಮಾಷೆ ಸಾಕಾಗುವುದು "ಆಗ ಎಲ್ಲರೂ ಒಟ್ಟಿಗೆ ಕೂತು ನೋಡುತ್ತಿದ್ದೆವು" ಎಂಬ ಮಾತು ಬಂದಾಗ. ಮಂಡ್ಯ ಜಿಲ್ಲೆಯ ನಮ್ಮೂರಿನಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ಕಬ್ಬಿನ ಬಿಲ್ಲು ಒಟ್ಟಿಗೆ ಬಂದ ವರ್ಷ ಯಜಮಾನರು ಅದನ್ನು ತಂದಿದ್ದರು. ಮಂಚದ ಮೇಲೆ ಅವರು, ಚಾಪೆಯ ಮೇಲೆ ನೆಂಟರಿಷ್ಟರು, ಹಜಾರದ ನೆಲದ ಮೇಲೆ ನನ್ನಂಥ ಬೀದಿಯ ಮಕ್ಕಳು. ಕೇರಿಯ ಹುಡುಗರು ಕಿಟಕಿಯ ಆಚೆ, ಅಂಗಳದಲ್ಲಿ, ಸರಳು ಹಿಡಿದು ನಿಂತಿದ್ದರು. ಒಳಗೆ ಶ್ರೀರಾಮನು ಶಬರಿಯ ಎಂಜಲು ಹಣ್ಣು ತಿನ್ನುತ್ತಿದ್ದಾಗ ಹಜಾರದವರೆಲ್ಲ ಕಣ್ಣೊರೆಸಿಕೊಂಡರು; ಕಿಟಕಿಯವರನ್ನು ಒಳಗೆ ಬನ್ನಿ ಎಂದು ಕರೆಯಬೇಕೆಂದು ಯಾರಿಗೂ ತೋಚಲಿಲ್ಲ. ಆ ಹುಡುಗರೂ ಈಗ ನಮ್ಮ ವಯಸ್ಸಿನವರೇ. ಅವರು ಇಂಥ ಸಂದೇಶ ಕಳಿಸಿದ್ದನ್ನು ನಾನಂತೂ ಕಂಡಿಲ್ಲ. 1988ರಲ್ಲಿ ರಾಮಾಯಣ ಪಟ್ಟಾಭಿಷೇಕಕ್ಕೇ ಮುಗಿದಾಗ, ಲವಕುಶರ ಕಥೆಯೂ ಬರಲೇಬೇಕೆಂದು ಉತ್ತರ ಭಾರತದ ನಗರಗಳಲ್ಲಿ ವಾಲ್ಮೀಕಿ ಸಮುದಾಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿದರು, ಬೀದಿಗಳಲ್ಲಿ ಕಸ ರಾಶಿ ಬಿತ್ತು, ಸರ್ಕಾರ ಮಣಿಯಿತು. ಬೀದಿ ನಿರ್ಜನವಾಗಿತ್ತೆಂಬುದು ನೆನಪಿರುವವರಿಗೆ ಆ ಬೀದಿ ಗುಡಿಸುತ್ತಿದ್ದವರ ನೆನಪಿಲ್ಲ. ಇದಕ್ಕೆ ವಿಡಂಬನೆಯ ಅಗತ್ಯವೂ ಇಲ್ಲ, ಬೇಸರವೊಂದೇ ಸಾಕು.

ಇಷ್ಟೆಲ್ಲ ಹಂಬಲಿಸುವವರು ದೂರದರ್ಶನ ಸತ್ತುಹೋಗಿದೆಯೆಂದು ಭಾವಿಸಿರುವುದು ಮತ್ತೊಂದು ಸೋಜಿಗ. ಚಂದನ ವಾಹಿನಿ ಇಂದಿಗೂ ಇದೆ. ಡಾ. ನಾ. ಸೋಮೇಶ್ವರ ಅವರ 'ಥಟ್ ಅಂತ ಹೇಳಿ' 2002ರಲ್ಲಿ ಆರಂಭವಾದದ್ದು, ಸರಿಯುತ್ತರ ಹೇಳಿದವರಿಗೆ ಪುಸ್ತಕ ಕೊಡುವ ಕಾರ್ಯಕ್ರಮ. ಕಿರುಚಾಟವಿಲ್ಲ, ಕಣ್ಣೀರಿಲ್ಲ, ಸಂದೇಶಗಳಲ್ಲಿ ಹಾಡಿ ಹೊಗಳುವ ಗುಣಗಳೆಲ್ಲವೂ ಅದರಲ್ಲಿವೆ. ನಾನು ಈ ಮಾಹಿತಿಯನ್ನು ಗುಂಪಿನಲ್ಲಿ ಹಂಚಿಕೊಂಡಾಗ ಹಿರಿಯರೊಬ್ಬರು ಕೈಮುಗಿದ ಚಿಹ್ನೆಯೊಂದಿಗೆ ಉತ್ತರಿಸಿದರು: "ಬಹಳ ಸಂತೋಷ ಸಾರ್. ನಮ್ಮ ಮನೆಯವರು ಆ ಹೊತ್ತಿಗೆ ಸೀರಿಯಲ್ ಬಿಡೋದಿಲ್ಲ. ನಿಂತುಹೋದ ಮೇಲೆ ಹೇಳಿ, ಒಂದು ಒಳ್ಳೆ ಮೆಸೇಜ್ ಮಾಡೋಣ."