ತುಂಡು ಗುತ್ತಿಗೆಯಲ್ಲಿ ಹಿಮಾಲಯ

ಪಿಡಬ್ಲ್ಯೂಡಿ ಆಫೀಸಿನ ಸುತ್ತ ಸ್ವಲ್ಪ ಓಡಾಡಿದವರಿಗೆ ತುಂಡು ಗುತ್ತಿಗೆ ಅಂದ್ರೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ದೊಡ್ಡ ಕೆಲಸಕ್ಕೆ ಟೆಂಡರ್ ಕರೀಬೇಕು ಅಂತ ರೂಲ್ಸ್ ಇದ್ರೆ ಕೆಲಸಾನೇ ಕತ್ತರಿಸಿ ಸಣ್ಣದು ಮಾಡೋದು, ಅಷ್ಟೇ. ಆದ್ರೆ ನಮ್ಮೋರು ಚರಂಡಿ ಕತ್ತರಿಸೋದ್ರಲ್ಲೇ ನಿಂತ್ರು. ದಿಲ್ಲಿಯವರು ಹಿಮಾಲಯಕ್ಕೇ ಕೈ ಹಾಕಿದ್ರು.

100 ಕಿ.ಮೀ. ದಾಟಿದ ಹೈವೇ ಅಗಲ ಮಾಡ್ಬೇಕಾದ್ರೆ ಪರಿಸರದ ಮೇಲೆ ಏನಾಗುತ್ತೆ ಅಂತ ಅಧ್ಯಯನ ಮಾಡಿಸ್ಬೇಕು. ಉತ್ತರಾಖಂಡದ ಚಾರ್‌ಧಾಮ್ ರಸ್ತೆ ಸುಮಾರು 900 ಕಿ.ಮೀ. ಅದನ್ನ 53 ತುಂಡು ಮಾಡಿ ಒಂದೊಂದಕ್ಕೂ ಪ್ಯಾಕೇಜು ಅಂತ ಹೆಸರಿಟ್ರು, ಯಾವ ತುಂಡೂ 100 ಮುಟ್ಟಲ್ಲ, ಅಧ್ಯಯನದ ರಗಳೆನೂ ಇಲ್ಲ, ಇನ್ನು ಗುಡ್ಡಕ್ಕೆ ಕುಸಿಯೋ ಆಸೆ ಇದ್ರೆ ಅದೂ ತನ್ನ ಪ್ಯಾಕೇಜಿನ ಒಳಗೇ ಕುಸೀಬೇಕು, ಪಕ್ಕದ ಪ್ಯಾಕೇಜಿಗೆ ಮಣ್ಣು ಬಿದ್ರೆ ಅದಕ್ಕೆ ಬೇರೆ ಫೈಲು. ಇಳಿಜಾರಿನ ಬುಡ ನೆಟ್ಟಗೆ ಕೊಯ್ದರೆ ಮೇಲಿನ ಕಲ್ಲುಮಣ್ಣಿಗೆ ಆಸರೆ ಇರಲ್ಲ ಅನ್ನೋದು ಅಡಿಕೆ ತೋಟದ ಧರೆ ಜರಿದದ್ದು ನೋಡಿದ ಮಲೆನಾಡಿನ ಹುಡುಗನಿಗೂ ಗೊತ್ತು. ಬೆಟ್ಟದಲ್ಲಿ 5.5 ಮೀಟರ್ ರಸ್ತೆ ಸಾಕು ಅಂತ 2018ರಲ್ಲಿ ಸರ್ಕಾರವೇ ಸುತ್ತೋಲೆ ಹೊರಡಿಸಿತ್ತು, ಆಮೇಲೆ ಸೈನ್ಯಕ್ಕೆ 10 ಮೀಟರ್ ಬೇಕು ಅಂತ ಕೋರ್ಟಿಗೆ ಹೋಗಿದ್ದೂ ಅದೇ ಸರ್ಕಾರ.

ಅದೇ ರಸ್ತೆಯ ಸಿಲ್ಕ್ಯಾರಾ ಸುರಂಗ ಇದ್ಯಲ್ಲ, 2018ರ ಮಂಜೂರಾತಿಯಲ್ಲಿ ತಪ್ಪಿಸಿಕೊಳ್ಳೋ ದಾರಿ ಸಮೇತ ಅಂತ ಬರೆದಿತ್ತು. 2023ರ ನವೆಂಬರಲ್ಲಿ ಕುಸಿದಾಗ ಆ ಸಾಲು ಹಿಡ್ಕೊಂಡು ಯಾರೂ ಆಚೆ ಬರೋಕಾಗಲಿಲ್ಲ, 41 ಜನ 17 ದಿನ ಒಳಗೇ ಇದ್ರು. ಸುರಂಗ ಕೊರೆಯೋ ದೊಡ್ಡ ಆಗರ್ ಮಿಷನ್ ಮುರಿದು ಕೂತ್ಮೇಲೆ ಕೊನೆಯ ಹತ್ತು ಹನ್ನೆರಡು ಮೀಟರ್ ಕೈಯಲ್ಲೇ ಕೊರೆದು ಜೀವ ಉಳಿಸಿದ್ದು ಇಲಿಬಿಲ ಗಣಿ ಕೆಲಸಗಾರರು, ಅಂದ್ರೆ ಇಲಿ ಬಿಲದಂಥ ಕಿರಿದಾದ ಕಿಂಡಿ ಕೊರೆದು ಒಳಗೆ ನುಗ್ಗೋರು. ಆ ಥರದ ಗಣಿಗಾರಿಕೆ ಅಪಾಯ ಅಂತ ಮೇಘಾಲಯದಲ್ಲಿ ಹಸಿರು ನ್ಯಾಯಮಂಡಳಿ 2014ರಲ್ಲೇ ನಿಷೇಧ ಮಾಡಿದೆ!

ಇಷ್ಟಾದ್ರೂ ಬದರಿನಾಥದ ದಾರಿಯಲ್ಲಿರೋ ಜೋಶಿಮಠದ ಮುಂದೆ ಇದು ಏನೂ ಅಲ್ಲ ಬಿಡಿ. ಊರು ಕೂತಿರೋದು ಗಟ್ಟಿ ಬಂಡೆ ಮೇಲಲ್ಲ, ಹಳೇ ಭೂಕುಸಿತದ ಮಣ್ಣುಕಲ್ಲಿನ ರಾಶಿ ಮೇಲೆ, ಭಾರೀ ಕಟ್ಟಡ ಕಟ್ಟಬೇಡಿ, ಸಿಡಿಮದ್ದು ಇಡಬೇಡಿ ಅಂತ ಮಿಶ್ರಾ ಸಮಿತಿ 1976ರಲ್ಲೇ ಹೇಳಿತ್ತು. ಆಮೇಲೆ ಅಲ್ಲಿ ಹೋಟೆಲ್ ಬಂತು, ಬೈಪಾಸ್ ಕೆಲಸ ಬಂತು, ಹತ್ತಿರದಲ್ಲೇ 520 ಮೆಗಾವ್ಯಾಟಿನ ತಪೋವನ ಯೋಜನೆಯ ಸುರಂಗ ಬಂತು. 2023ರ ಜನವರಿಯಲ್ಲಿ ನೂರಾರು ಮನೆಗಳ ಗೋಡೆ ಬಿರುಕು ಬಿಟ್ಟಾಗ ಇಸ್ರೋದವರು ಉಪಗ್ರಹದಿಂದ ನೋಡಿ 12 ದಿನದಲ್ಲಿ 5.4 ಸೆಂಟಿಮೀಟರ್ ಕುಸಿದಿದೆ ಅಂತ ವರದಿ ಹಾಕಿದ್ರು. ತಕ್ಷಣ ಕ್ರಮ ಆಯ್ತು ನೋಡಿ. ಜನಕ್ಕೆ ಗೊಂದಲ ಆಗುತ್ತೆ, ಯಾರೂ ಮೀಡಿಯಾ ಜೊತೆ ಮಾತಾಡಬೇಡಿ ಅಂತ ವಿಪತ್ತು ನಿರ್ವಹಣಾ ಪ್ರಾಧಿಕಾರದಿಂದ ಇಸ್ರೋದಂಥ ಸಂಸ್ಥೆಗಳಿಗೆ ಪತ್ರ ಹೋಯ್ತು, ವೆಬ್‌ಸೈಟಿಂದ ವರದಿನೂ ಮಾಯ. ಗೋಡೆ ಬಿರುಕು ಬಿಟ್ಟವನಿಗೆ ಗೊಂದಲ ಎಲ್ಲಿಂದ ಬರುತ್ತೆ ಸ್ವಾಮಿ, ಕೈ ತೂರಿಸಿದ್ರೆ ಪಕ್ಕದ ರೂಮಲ್ಲಿ ಕಾಣುತ್ತೆ!

ಕೊನೆಗೆ 2024ರಲ್ಲಿ ಪಕ್ಕಾ ಪರಿಹಾರ ಸಿಕ್ತು. ತಾಲ್ಲೂಕಿನ ಹೆಸರನ್ನ ಜ್ಯೋತಿರ್ಮಠ ಅಂತ ಬದಲಾಯಿಸಿದ್ರು. ಹೆಸರು ಚೆನ್ನಾಗೇ ಇದೆ, ನಮ್ಮ ಶೃಂಗೇರಿ ಥರ ಅದೂ ಶಂಕರಾಚಾರ್ಯರ ಪೀಠ. ಇನ್ಮೇಲೆ ಜೋಶಿಮಠ ಕುಸೀತಿದೆ ಅಂತ ಯಾರಾದ್ರೂ ಅರ್ಜಿ ಹಾಕಿದ್ರೆ ಗುಮಾಸ್ತರು ನಿಶ್ಚಿಂತೆಯಿಂದ ಷರಾ ಬರೀಬಹುದು: ಆ ಹೆಸರಿನ ತಾಲ್ಲೂಕು ದಾಖಲೆಯಲ್ಲಿ ಇರುವುದಿಲ್ಲ.