ಮೊದಲು ವೈರು, ಆಮೇಲೆ ಗೋಡೆ

ಹೊಸ ಮನೆಗೆ ಸುಣ್ಣಬಣ್ಣ ಮುಗಿದು, ಗೃಹಪ್ರವೇಶದ ಹೋಳಿಗೆ ಅರಗುವ ಮೊದಲೇ ಒಬ್ಬ ಡ್ರಿಲ್ಲು ಹಿಡಿದು ಬಂದು ನಿಲ್ಲುತ್ತಾನೆ. ಇಂಟರ್ನೆಟ್ಟಿನವನು. ಮರುವಾರ ಏಸಿಯವನು. ತಿಂಗಳೊಪ್ಪತ್ತಿನಲ್ಲಿ ಗೋಡೆ ಜರಡಿ. ನಮ್ಮ ಎಲುಬಿನ ಮೇಸ್ತ್ರಿ ಈ ವಿಷಯದಲ್ಲಿ ಜಾಣ. ತಾಯಿಯ ಹೊಟ್ಟೆಯಲ್ಲೇ ನರ, ರಕ್ತನಾಳಗಳನ್ನು ಮೊದಲು ಎಳೆದಿಡುತ್ತಾನೆ, ಮೂಳೆ ಅವುಗಳ ಸುತ್ತ ಆಮೇಲೆ ಕಟ್ಟಿಕೊಳ್ಳುತ್ತದೆ. ಅಂದರೆ ತಲೆಬುರುಡೆಯಲ್ಲಿ ಕಾಣುವ ಅಷ್ಟೂ ತೂತುಗಳಲ್ಲಿ ಯಾವುದನ್ನೂ ಯಾರೂ ಕೊರೆದದ್ದಲ್ಲ, ವೈರು ಇದ್ದ ಜಾಗ ಬಿಟ್ಟು ಗಾರೆ ಹಾಕಿದ್ದು. ಕೆಲಸವೇನೋ ಅಚ್ಚುಕಟ್ಟು. ಆದರೆ ಕೆಲವು ಕಡೆ ಸಡಿಲವನ್ನೇ ಬಿಟ್ಟಿಲ್ಲ, ಮೇಲಾಗಿ ಒಬ್ಬರ ಮನೆಯ ನಕ್ಷೆ ಇನ್ನೊಬ್ಬರ ಮನೆಗೆ ಸರಿಹೊಂದುವುದಿಲ್ಲ. ನಮ್ಮ ಅರ್ಧ ಫಜೀತಿ ಶುರುವಾಗುವುದೇ ಇಲ್ಲಿಂದ.

ಕನ್ನಡಿ ಮುಂದೆ ನಿಂತು ಹುಬ್ಬಿನ ಕೆಳಗಿನ ಮೂಳೆಯಂಚಿನ ಮೇಲೆ ಬೆರಳಾಡಿಸಿ. ಮೂಗಿನ ನಡುಗೆರೆಯಿಂದ ಸುಮಾರು ಎರಡೂವರೆ ಸೆಂಟಿಮೀಟರು ಆಚೆ ಒಂದು ಸಣ್ಣ ಕಚ್ಚು ಸಿಗುತ್ತದೆ. ಕೆಲವರಲ್ಲಿ ಅದು ಕಚ್ಚಲ್ಲ, ಪೂರ್ತಿ ತೂತೇ. ಒತ್ತಿದರೆ ಹಣೆ ಝುಂ ಎನ್ನುತ್ತದೆ. ಅದೇ ನೇರಕ್ಕೆ ಕೆಳಗಿಳಿದರೆ ಕಣ್ಣುಗುಳಿಯ ಅಂಚಿನ ಕೆಳಗೆ ಕೆನ್ನೆಯಲ್ಲೊಂದು, ಇನ್ನೂ ಇಳಿದರೆ ಗಲ್ಲದ ಪಕ್ಕದಲ್ಲೊಂದು. ಮೂರೂ ಹೆಚ್ಚುಕಡಿಮೆ ಒಂದೇ ಗೆರೆಯಲ್ಲಿ, ಮುಖದ ಸ್ಪರ್ಶ, ನೋವು ತಿಳಿಸುವ ಒಂದೇ ಟ್ರೈಜೆಮಿನಲ್ ನರದ ಮೂರು ಕವಲುಗಳಿಗೆ. ರಿಯಾಯಿತಿಗೆ ಸಿಕ್ಕಿತೆಂದು ಒಂದು ಸೈಜು ಚಿಕ್ಕ ಹೆಲ್ಮೆಟ್ ಕೊಂಡವರಿಗೂ, ಈಜುವ ಕನ್ನಡಕವನ್ನು ನೀರು ನುಗ್ಗೀತೆಂದು ಬಿಗಿಯಾಗಿ ಕಟ್ಟಿಕೊಂಡವರಿಗೂ ಹಣೆ ಸಿಡಿಯುವುದು ಮೇಲಿನ ಕಚ್ಚು ಅದುಮಿಹೋಗಿ. ಆ ನೋವಿಗೆ ಮನೆಯಲ್ಲಿ ಪಿತ್ತ ಅನ್ನುತ್ತಾರೆ, ನಿಂಬೆಹಣ್ಣು ಇಳಿಸಿ ದೃಷ್ಟಿಯನ್ನೂ ತೆಗೆಯುತ್ತಾರೆ. ಮೊದಲು ಪಟ್ಟಿ ಸಡಿಲಿಸಿ ನೋಡುವುದು ಒಳ್ಳೆಯದು, ನಿಂಬೆಹಣ್ಣು ಪಾನಕಕ್ಕಾದರೂ ಉಳಿಯುತ್ತದೆ.

ದೊಡ್ಡ ನಾಟಕ ನಡೆಯುವುದು ದಂತವೈದ್ಯರ ಕುರ್ಚಿಯಲ್ಲಿ. ಮೇಲ್ದವಡೆಯ ಮೂಳೆ ರಸ್ಕಿನ ಹಾಗೆ, ಹಲ್ಲಿನ ಬುಡದಲ್ಲಿ ಸ್ವಲ್ಪ ಮರಗಟ್ಟಿಸುವ ಮದ್ದು ಬಿಟ್ಟರೆ ತಾನೇ ಇಂಗಿಕೊಳ್ಳುತ್ತದೆ. ಕೆಳದವಡೆಯ ಹಿಂಭಾಗ ಮಾತ್ರ ಕಡಪಾ ಕಲ್ಲು. ಮದ್ದು ಒಳಗಿಳಿಯುವ ಮಾತೇ ಇಲ್ಲ. ಆದ್ದರಿಂದ ಕೆಳಹಲ್ಲುಗಳ ನರ ಗೋಡೆಯೊಳಗೆ ಹೋಗುವ ಮೊದಲೇ, ಬಾಗಿಲಲ್ಲೇ ಹಿಡಿಯಬೇಕು. ಆ ಬಾಗಿಲು ಇರುವುದು ದವಡೆಯ ಹಿಂದೆ ಮೇಲಕ್ಕೇಳುವ ಭಾಗದ ಒಳಮುಖದಲ್ಲಿ. ಕಣ್ಣಿಗೆ ಕಾಣದು, ಬೆರಳಿಗೆ ಎಟುಕದು, ಸಾಲದ್ದಕ್ಕೆ ಎದುರಿಗೆ ಮೂಳೆಯದೇ ಒಂದು ಪುಟ್ಟ ನಾಲಗೆ ಕಾವಲು ಕೂತಿರುತ್ತದೆ.

ವೈದ್ಯರು ಬಾಯಿ ಪೂರ್ತಿ ತೆರೆಸಿ, ಹೆಬ್ಬೆರಳಿನಲ್ಲಿ ದವಡೆಯ ಮುಂದಂಚಿನ ತಗ್ಗನ್ನು ಹುಡುಕುತ್ತಾರೆ. ಸಿರಿಂಜನ್ನು ಎದುರು ಬದಿಯ ಕಿರುದವಡೆ ಹಲ್ಲುಗಳ ಮೇಲಿಂದ ತಂದು, ಕೆಳಹಲ್ಲುಗಳ ಮಟ್ಟಕ್ಕಿಂತ 6ರಿಂದ 10 ಮಿಲಿಮೀಟರು ಮೇಲೆ ಚುಚ್ಚುತ್ತಾರೆ. 20ರಿಂದ 25 ಮಿಲಿಮೀಟರು ಒಳಗೆ ಹೋದಾಗ ಸೂಜಿ ಮೂಳೆಗೆ ತಾಗಬೇಕು. ತಾಗಿದ ಮೇಲೆ ಕೂದಲೆಳೆಯಷ್ಟು ಹಿಂದೆ ಸರಿದು, ಪಿಸ್ಟನ್ ಎಳೆದು ರಕ್ತ ಬರಲಿಲ್ಲವೆಂದು ಖಾತ್ರಿಮಾಡಿಕೊಂಡು, ಸುಮಾರು ಒಂದೂವರೆ ಎಂ.ಎಲ್. ಮದ್ದನ್ನು ಒಂದು ನಿಮಿಷ ಹಿಡಿಸಿ ಬಿಡಬೇಕು. ಇಷ್ಟೂ ಹೊತ್ತು ಕುರ್ಚಿಯಲ್ಲಿರುವವರ ಕೆಲಸ ನಾಲಗೆ ಅಡ್ಡ ತರದಿರುವುದು. ಅದೊಂದೇ ಅವರಿಂದ ಆಗುವುದಿಲ್ಲ.

ಅರ್ಧ ದಾರಿಯಲ್ಲೇ ಮೂಳೆ ತಾಗಿತೆಂದರೆ ಸೂಜಿ ತೀರಾ ಮುಂದಿದೆ. ಕೆಳಗೆ ಚುಚ್ಚಿದ್ದರೆ ನರ ಆಗಲೇ ಒಳಗೆ ಹೋಗಿ ಚಿಲಕ ಹಾಕಿಕೊಂಡಿದೆ, ಮದ್ದು ಬಾಗಿಲಾಚೆಯ ಅಂಗಳದಲ್ಲಿ ಹರಿದು ವ್ಯರ್ಥ. ಚಿಕ್ಕ ಮಕ್ಕಳಲ್ಲಿ ಈ ಬಾಗಿಲೇ ತಗ್ಗು, ಕೆಳಹಲ್ಲುಗಳ ಮಟ್ಟಕ್ಕೋ ಅದಕ್ಕಿಂತ ಕೆಳಗೋ ಇರುತ್ತದೆ. ದೊಡ್ಡವರ ಅಳತೆ ಅಲ್ಲಿ ನಡೆಯದು. ಮೂಳೆ ತಾಗಲೇ ಇಲ್ಲವೆಂದರೆ ಎಲ್ಲಕ್ಕಿಂತ ಮೋಜು. ಸೂಜಿ ಹಿಂದೆ ದಾಟಿ ಕಿವಿಯ ಕೆಳಗಿನ ಜೊಲ್ಲಿನ ಗ್ರಂಥಿಗೆ ಹೋಗಿದೆ, ಆ ಗ್ರಂಥಿಯೊಳಗಿನಿಂದಲೇ ಮುಖದ ಸ್ನಾಯುಗಳ ನರ ಹಾದುಹೋಗುತ್ತದೆ. ಹಲ್ಲು ನೋಯುತ್ತಲೇ ಇರುತ್ತದೆ, ಮುಖದ ಅರ್ಧ ಮಾತ್ರ ಜೋತುಬೀಳುತ್ತದೆ, ಆ ಬದಿಯ ಕಣ್ಣು ಮುಚ್ಚುವುದಿಲ್ಲ. ಮದ್ದು ಇಳಿದಂತೆ ಕೆಲವು ಗಂಟೆಗಳಲ್ಲಿ ಎಲ್ಲವೂ ಮೊದಲಿನಂತಾಗುತ್ತದೆ. ಅಲ್ಲಿಯವರೆಗೆ ಕಣ್ಣಿಗೆ ಹತ್ತಿ ಪಟ್ಟಿ, ಹೊರಗೆ ಕಾಯುತ್ತಿರುವ ಮನೆಯವರಿಗೆ ಸಮಾಧಾನ, ಎರಡೂ ವೈದ್ಯರ ಜವಾಬ್ದಾರಿ. ಇನ್ನು ಜಾಗ ಸರಿಯಾಗಿದ್ದೂ ಕೀವು ತುಂಬಿದ ಹಲ್ಲು ಮರಗಟ್ಟದಿದ್ದರೆ ಸೂಜಿಯನ್ನು ಬಯ್ಯಬೇಡಿ. ಕೀವು, ಉರಿಯೂತ ಇದ್ದ ಹಲ್ಲಿನ ನರಕ್ಕೆ ಮದ್ದು ಸುಲಭವಾಗಿ ಹತ್ತುವುದಿಲ್ಲ.

ಮದ್ದು ಹತ್ತಿದ ಗುರುತು ತುಟಿ. ಐದು ನಿಮಿಷದೊಳಗೆ ಆ ಬದಿಯ ಕೆಳತುಟಿ ತಟ್ಟೆ ಇಡ್ಲಿಯಷ್ಟು ದಪ್ಪಗಾದಂತೆ ಅನಿಸಬೇಕು, ಏಕೆಂದರೆ ಅದೇ ನರ ದವಡೆಯೊಳಗೆ ಸುರಂಗ ಹಾದು ಗಲ್ಲದ ತೂತಿನಿಂದ ಹೊರಬಿದ್ದು ತುಟಿಗೆ ಹೋಗುತ್ತದೆ. ಕಿತ್ತ ಹಲ್ಲು ಕಸದ ಡಬ್ಬಿ ಸೇರಿದ ಮೇಲೂ ಮೂರರಿಂದ ಐದು ಗಂಟೆ ಈ ಇಡ್ಲಿ ಉಳಿದಿರುತ್ತದೆ. ಈ ಹೊತ್ತಿನಲ್ಲಿ ಬಿಸಿ ಕಾಫಿ ಕುಡಿದರೆ ಅರ್ಧ ಅಂಗಿಗೆ, ಉಳಿದರ್ಧ ತುಟಿಗೆ, ಸುಟ್ಟದ್ದು ಗೊತ್ತಾಗುವುದು ರಾತ್ರಿ. ಮಕ್ಕಳು ಹೊಸ ಆಟಿಕೆ ಸಿಕ್ಕಿತೆಂದು ತುಟಿಯನ್ನೇ ಅಗಿಯುತ್ತಾರೆ. ಹೀಗಾಗಿ ಮದ್ದು ಇಳಿಯುವವರೆಗೆ ಅವರ ಮೇಲೊಂದು ಕಣ್ಣಿರಲಿ.

ಇದೇ ಗಲ್ಲದ ತೂತು ಮುಪ್ಪಿನಲ್ಲಿ ಇನ್ನೊಂದು ತರಲೆ ಮಾಡುತ್ತದೆ. ಹಲ್ಲೆಲ್ಲ ಉದುರಿದ ಮೇಲೆ ದವಡೆ ಮೇಲಿನಿಂದ ಸವೆಯುತ್ತಾ ಬರುತ್ತದೆ. ತೂತು ಇದ್ದಲ್ಲೇ ಇದ್ದರೂ ಮಹಡಿಯೇ ಕರಗಿ ಅದು ತಾರಸಿಗೆ ಬಂದು ನಿಲ್ಲುತ್ತದೆ. ಅದರ ಮೇಲೆ ಹಲ್ಲುಸೆಟ್ಟು ಕೂತರೆ ಪ್ರತಿ ತುತ್ತಿಗೂ ಶಾಕ್. ಅಜ್ಜಿ ಸೆಟ್ಟನ್ನು ಡಬ್ಬಿಯಲ್ಲಿಟ್ಟು ಮೆತ್ತಗೆ ಗಂಜಿ ಕುಡಿಯುತ್ತಿದ್ದರೆ ಹಟ ಅಂದುಕೊಳ್ಳಬೇಡಿ. ಆ ಜಾಗದಲ್ಲಿ ಸೆಟ್ಟಿನ ಒಳಮೈ ಸ್ವಲ್ಪ ಉಜ್ಜಿಸಿದರೆ ಸಾಕಾಗುವುದುಂಟು.

ಸಡಿಲವೇ ಬಿಡದ ಜಾಗ ಅಂದೆನಲ್ಲ, ಅದು ಕಿವಿಯನ್ನು ಸುತ್ತುವರಿದ ಮೂಳೆಯಲ್ಲಿದೆ. ಮುಖದ ನರ ಅಲ್ಲಿ ಅಂಕುಡೊಂಕು ಸುರಂಗದಲ್ಲಿ ಹೋಗುತ್ತದೆ, ತೀರಾ ಇಕ್ಕಟ್ಟಾದ ಕಡೆ ಅಗಲ ಒಂದು ಮಿಲಿಮೀಟರಿಗೂ ಕಡಿಮೆ. ನರ ಊದಿದರೆ ಮೂಳೆ ಜರುಗುವುದಿಲ್ಲ, ನರವೇ ಹಿಚುಕಿಕೊಳ್ಳುತ್ತದೆ. ಬೆಳಗೆದ್ದು ಬಾಯಿ ಮುಕ್ಕಳಿಸಿದರೆ ನೀರು ಒಂದೇ ಕಡೆಯಿಂದ ಚಿಮ್ಮುತ್ತದೆ. ರಾತ್ರಿ ಬಸ್ಸಿನ ಕಿಟಕಿಯ ಗಾಳಿ ಹೊಡೆಯಿತು ಎಂಬ ತೀರ್ಪು ಮನೆಯಲ್ಲಿ ಹೊರಬೀಳುತ್ತದೆ. ಕಿಟಕಿಗಿಂತ ನರದಲ್ಲೇ ಮಲಗಿದ್ದ ಹರ್ಪಿಸ್ ವೈರಸ್ ಮೇಲೆ ವೈದ್ಯರ ಅನುಮಾನ ಜಾಸ್ತಿ. ಇಲ್ಲಿ ತಮಾಷೆ ಸಾಕು: ಹುಬ್ಬು ಏರಿಸಿದಾಗ ಹಣೆಯ ಆ ಅರ್ಧವೂ ಸುಕ್ಕುಗಟ್ಟದಿದ್ದರೆ ಸಾಮಾನ್ಯವಾಗಿ ಈ ಸುರಂಗದ ತೊಂದರೆ. ಬಾಯಿ ಸೊಟ್ಟಗಾಗಿಯೂ ಹಣೆ ಸುಕ್ಕಾಗುತ್ತಿದ್ದರೆ ಮೆದುಳಿನ ಪಾರ್ಶ್ವವಾಯು ಇರಬಹುದು. ಇದನ್ನು ಮನೆಯಲ್ಲೇ ತೀರ್ಮಾನಿಸುತ್ತ ಕೂರದೆ ಯಾವುದಾದರೂ ಸರಿ, ಆಗಿಂದಾಗಲೇ ಆಸ್ಪತ್ರೆ. ಸುರಂಗದ ತೊಂದರೆಗೂ ಸ್ಟೀರಾಯ್ಡ್ ಮಾತ್ರೆ 72 ಗಂಟೆಯೊಳಗೆ ಶುರುವಾದರೇ ಲಾಭ.

ಸಲೂನಿಗೆ ಬನ್ನಿ. ಕಟಿಂಗ್, ಶೇವಿಂಗ್, ಆಮೇಲೆ ಉಚಿತವಾಗಿ ತಲೆ ತಟ್ಟಿ, ಗದ್ದ ಹಿಡಿದು ಕತ್ತನ್ನು ಲಟಕ್ ಎನ್ನಿಸುವುದು. ಕತ್ತಿನ ಏಳು ಮಣಿಗಳಿಗೂ ಎರಡೂ ಪಕ್ಕದಲ್ಲಿ ತೂತಿದೆ. ಆರನೆಯ ಮಣಿಯಿಂದ ಮೊದಲನೆಯದರವರೆಗೆ ಹೂವಿನ ಸರದಲ್ಲಿ ದಾರ ಪೋಣಿಸಿದಂತೆ ಮೆದುಳಿಗೆ ಹೋಗುವ ಧಮನಿ ಹಾಯುತ್ತದೆ. ಏಳನೆಯದರ ತೂತಿನಲ್ಲಿ ಸಾಮಾನ್ಯವಾಗಿ ಧಮನಿ ಇಲ್ಲ, ಏನಿದ್ದರೂ ಪುಟ್ಟ ಸಿರೆಗಳು. ದಾರಕ್ಕೆ ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಕತ್ತನ್ನು ರಭಸದಿಂದ ತಿರುವಿದರೆ ಅಪರೂಪಕ್ಕೆ ಧಮನಿಯ ಒಳಪದರ ಸೀಳಿ, ಅಲ್ಲಿ ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗುತ್ತದೆ. ತಲೆ ತೊಳೆಯುವ ಬೇಸಿನ್ನಿನ ಅಂಚಿನ ಮೇಲೆ ಕತ್ತನ್ನು ಹಿಂದಕ್ಕೆ ಬಾಗಿಸಿಟ್ಟು ಹೀಗಾದ ಪ್ರಕರಣಗಳಿಗೆ 1993ರಲ್ಲಿ 'ಬ್ಯೂಟಿ ಪಾರ್ಲರ್ ಸ್ಟ್ರೋಕ್' ಎಂಬ ಹೆಸರೇ ಬಂತು. ತಲೆ ಎಷ್ಟು ಬೇಕಾದರೂ ತಟ್ಟಿಸಿಕೊಳ್ಳಿ, ಲಟಕ್ ಮಾತ್ರ ಬೇಡ ಅನ್ನಿ. ಉಚಿತವೇ ಆದ್ದರಿಂದ ನಷ್ಟವಿಲ್ಲ.

ಮೊಣಕೈ ಬಾಗಿಲಿಗೆ ಬಡಿದು ಕಿರುಬೆರಳವರೆಗೆ ಕರೆಂಟು ಹೊಡೆಯುತ್ತದಲ್ಲ, ಅದಕ್ಕೆ ಕಾರಣ ತೂತಲ್ಲ. ಮೇಸ್ತ್ರಿ ಅಲ್ಲಿ ತೂತು ಬಿಡುವ ಬದಲು ಬರೀ ಚರಂಡಿ ಮಾಡಿ, ಮೇಲೆ ಚಪ್ಪಡಿ ಮುಚ್ಚುವುದನ್ನು ಮರೆತಿದ್ದಾನೆ.

ಕೊನೆಯದಾಗಿ ಮೆಡಿಕಲ್ ಕಾಲೇಜಿನ ವೈವಾ, ಅಂದರೆ ಮೌಖಿಕ ಪರೀಕ್ಷೆಯ ಮೇಜು. ಬುರುಡೆ, ಪಕ್ಕದಲ್ಲಿ ಪೊರಕೆ ಕಡ್ಡಿ. ಯಾವ ತೂತು ಎಲ್ಲಿಗೆ ತೆರೆಯುತ್ತದೆಂದು ತೋರಿಸಲು ಕಡ್ಡಿಯಷ್ಟು ಒಳ್ಳೆಯ ಉಪಕರಣ ಇನ್ನೂ ಬಂದಿಲ್ಲ. ಎಡವುವ ಜಾಗಗಳೂ ಗೊತ್ತಿರುವವೇ. ಬುರುಡೆಯನ್ನು ಮಗುಚಿಟ್ಟು ರೊಟಂಡಮ್ ಎಂಬ ದುಂಡು ತೂತು ಹುಡುಕುವವರಿಗೆ ಅದು ಸಿಗುವುದಿಲ್ಲ, ಅದನ್ನು ಒಳಗಿನಿಂದಲೇ ನೋಡಬೇಕು. ಅಗಲವಾದ ಮೊಟ್ಟೆಯಾಕಾರದ್ದು ಓವೇಲ್, ಅದರ ಹಿಂದೆ ಪಕ್ಕಕ್ಕೆ ಗುಂಡುಸೂಜಿ ತಲೆಯಷ್ಟಿರುವುದು ಸ್ಪೈನೋಸಮ್. ಮೆದುಳಿನ ಪೊರೆಯ ಧಮನಿ ಬರುವುದು ಆ ಸಣ್ಣದರಲ್ಲಿ. ತಲೆಮಾರುಗಳಿಂದ ಕೈಯಿಂದ ಕೈಗೆ ದಾಟಿದ ಬುರುಡೆಯಲ್ಲಿ ಕಣ್ಣೀರಿನ ಮೂಳೆ ಒಡೆದು ಆದ ತೂತಿಗೂ ಲ್ಯಾಟಿನ್ ಹೆಸರು ಹೇಳಿ ಮರ್ಯಾದೆ ಕಳೆದುಕೊಂಡವರಿದ್ದಾರೆ. ಪ್ಲಾಸ್ಟಿಕ್ ಬುರುಡೆಯದು ಇದಕ್ಕೆ ತಿರುಗುಮುರುಗು, ಅಚ್ಚಿನಲ್ಲಿ ಸಣ್ಣ ತೂತುಗಳೆಲ್ಲ ಮುಚ್ಚಿಹೋಗಿರುತ್ತವೆ.

ಎಲ್ಲ ದಾಟಿದವರಿಗೂ ಫೋರಮೆನ್ ಲೆಸೆರಮ್ ಕಾದಿರುತ್ತದೆ. ಬುರುಡೆಯ ತಳದಲ್ಲಿ ಹರಿದ ಬಟ್ಟೆಯಂತೆ ಢಾಳಾಗಿ ಕಾಣುವ ತೂತು. ಬದುಕಿದ್ದಾಗ ಅದರ ಕೆಳಬಾಯಿ ಮೃದ್ವಸ್ಥಿಯಿಂದ ಮುಚ್ಚಿರುತ್ತದೆ. ಕತ್ತಿನ ದೊಡ್ಡ ಧಮನಿ ಅದರ ಮೇಲ್ಗಡೆಯಿಂದ ಹಾದುಹೋಗುತ್ತದೆಯೇ ಹೊರತು ತೂತಿನಲ್ಲಿ ತೂರುವುದಿಲ್ಲ. ಮೇಲಿನಿಂದ ಕೆಳಗಿನವರೆಗೆ ದೊಡ್ಡದಾಗಿ ಹಾಯುವಂಥದ್ದು ಏನೂ ಇಲ್ಲ. ವಿದ್ಯಾರ್ಥಿ ಕಡ್ಡಿಯನ್ನು ಆರಾಮಾಗಿ ತೂರಿಸಿ ಕೆಳಗಿನಿಂದ ತುದಿ ತೋರಿಸಿರುತ್ತಾನೆ.

"ಇದರೊಳಗೆ ಏನು ಹೋಗುತ್ತಪ್ಪಾ?"

"ಸದ್ಯಕ್ಕೆ ಕಡ್ಡಿ, ಸಾರ್."